ಮೂಡಣ ಬಾಗಿಲಿನ ತಾರೆ

ಕೋಲಾರದಿಂದ ಪೂರ್ವಾಭಿಮುಖವಾಗಿ ಹೊರಟ ಹೆದ್ದಾರಿ ಆಂಧ್ರದ ಗಡಿಯನ್ನು ಮುಟ್ಟುವ ಮುನ್ನ ಮುಳಬಾಗಿಲನ್ನು ಹಾದು ಹೋಗುತ್ತದೆ. ‘ಮೂಡಣ ಬಾಗಿಲು’ ಎಂಬುದೇ ಜನರ ನಾಲಗೆಯ ಮೇಲೆ ಸವೆದು ಮುಳಬಾಗಿಲಾಯಿತೆಂದು ಹೇಳುತ್ತಾರೆ. ಈ ಸೀಮೆಯ ಸಂತೆಯಲ್ಲಿ ಕನ್ನಡವೂ ತೆಲುಗೂ ಅಕ್ಕಪಕ್ಕದಲ್ಲೇ ಕೇಳಿಬರುತ್ತವೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದು ಭಾಷೆಯಲ್ಲಿ ತೊಡಗಿದ ಚೌಕಾಸಿ ಇನ್ನೊಂದರಲ್ಲಿ ಮುಗಿದರೆ ಯಾರಿಗೂ ಅಚ್ಚರಿಯಿಲ್ಲ. ಮಾಲೂರು ಸೀಮೆ ಕನ್ನಡಕ್ಕೆ ಮಾಸ್ತಿಯವರನ್ನು ಕೊಟ್ಟಿತು; ಮುಳಬಾಗಿಲು ಡಿ.ವಿ.ಜಿ.ಯವರನ್ನು ಕೊಟ್ಟಿತು. ಅದೇ ಮುಳಬಾಗಿಲು ಬೆಳ್ಳಿತೆರೆಗೆ ಕೊಟ್ಟ ಕಾಣಿಕೆ, ನಟಿ ಸೌಂದರ್ಯ.

ಹಿಂದಿನ ತಲೆಮಾರಿನ ಕನ್ನಡ ನಟಿಯರು ತೆರೆಗೆ ಬಂದ ದಾರಿ ಬೇರೆ. ಪಂಢರೀಬಾಯಿ ಹರಿಕಥೆ ಮತ್ತು ರಂಗಭೂಮಿಯ ಗರಡಿಯಲ್ಲಿ ಪಳಗಿ ಬಂದವರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಎಳವೆಯಲ್ಲೇ ಬಣ್ಣ ಹಚ್ಚಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಕಲಿತು, ರಂಗಭೂಮಿ ಚಿತ್ರರಂಗಗಳೆರಡರಲ್ಲೂ ಹೆಸರಾದರು. ಸೌಂದರ್ಯ ಹಿಡಿದದ್ದು ಆ ದಾರಿಯಲ್ಲ. ಸೌಮ್ಯ ಎಂಬುದು ಆಕೆಯ ಹುಟ್ಟುಹೆಸರು. ತಂದೆ ಕೆ.ಎಸ್. ಸತ್ಯನಾರಾಯಣ ಚಿತ್ರಸಾಹಿತಿಗಳೂ ನಿರ್ಮಾಪಕರೂ ಆಗಿದ್ದುದರಿಂದ ಸಿನಿಮಾ ಮನೆಗೆ ಅಪರಿಚಿತವಾಗಿರಲಿಲ್ಲ. ಆದರೂ ಮಗಳು ಸೇರಿದ್ದು ವೈದ್ಯಕೀಯ ವಿದ್ಯಾಭ್ಯಾಸಕ್ಕೆ. ಮೊದಲ ವರ್ಷದ ಓದಿನ ಹೊತ್ತಿಗೆ ಚಿತ್ರರಂಗದ ಕರೆ ಬಂತು. 1992ರಲ್ಲಿ ‘ಗಂಧರ್ವ’ ತೆರೆಕಂಡಿತು. ವೈದ್ಯೆಯಾಗಬೇಕಿದ್ದ ಹುಡುಗಿ ನಟಿಯಾದಳು.

ಮುಂದೆ ಆಕೆಗೆ ದೊಡ್ಡದಾಗಿ ತೆರೆದದ್ದು ಮೂಡಲ ದಿಕ್ಕಿನ ಬಾಗಿಲೇ. 1995ರ ‘ಅಮ್ಮೋರು’ ಆಕೆಯನ್ನು ತೆಲುಗಿನ ಮನೆಮಾತಾಗಿಸಿತು. ಮೈಮಾಟದ ಪ್ರದರ್ಶನವೇ ನಾಯಿಕೆಯ ಬಂಡವಾಳವೆಂದು ಹಲವರು ನಂಬಿದ್ದ ಕಾಲದಲ್ಲಿ ಸೀರೆಯುಟ್ಟು, ಕಣ್ಣು ಮತ್ತು ಮುಗುಳ್ನಗೆಯಿಂದಲೇ ಭಾವವನ್ನು ಹೇಳುವ ಈ ಕಲಾವಿದೆಯನ್ನು ತೆಲುಗು ಪ್ರೇಕ್ಷಕರು ತಮ್ಮ ಮಹಾನಟಿ ಸಾವಿತ್ರಿಗೆ ಹೋಲಿಸಿದರು. ತಮಿಳಿನ ‘ಅರುಣಾಚಲಂ’, ‘ಪಡೆಯಪ್ಪ’ ಚಿತ್ರಗಳಲ್ಲಿ ರಜನೀಕಾಂತ್ ಜೊತೆ, 1999ರ ಹಿಂದಿ ‘ಸೂರ್ಯವಂಶಂ’ನಲ್ಲಿ ಅಮಿತಾಭ್ ಬಚ್ಚನ್ ಜೊತೆ ನಟಿಸಿದರು.

ಇಷ್ಟು ಎತ್ತರಕ್ಕೇರಿದ ತಾರೆ ತವರು ಭಾಷೆಗೆ ಮರಳಿ ಬರುವುದು ಅತಿಥಿಯಂತೆ ಎಂಬುದು ಲೋಕರೂಢಿ. ಸೌಂದರ್ಯ ಬಂದದ್ದು ಮನೆಯ ಮಗಳಂತೆ, ಹೊಣೆ ಹೊತ್ತು. ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ತೆರೆಗೆ ತರುವಾಗ ಅದರ ನಾಯಿಕೆಯೂ ಆಕೆ, ನಿರ್ಮಾಪಕಿಯೂ ಆಕೆ. ಹಾಡು, ಹೊಡೆದಾಟಗಳ ಆಸರೆಯಿಲ್ಲದ ಚಿತ್ರಕ್ಕೆ ಹಣ ತೊಡಗಿಸುವುದು ಜನಪ್ರಿಯ ತಾರೆಗೆ ಲಾಭದ ಲೆಕ್ಕವಲ್ಲ.

ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರಿನವರು ಪರಿಹಾರದ ಹಣ ಪಡೆದು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಗುಡ್ಡದ ಮೇಲಿನ ದೇವರನ್ನೂ ಮಣ್ಣನ್ನೂ ಬಿಡಲಾರದ ಗಣಪನ ಕುಟುಂಬ ಮಾತ್ರ ನೀರಿನ ನಡುವೆ ಉಳಿಯುತ್ತದೆ. ಮಳೆಗಾಲದ ಆ ಭೀಕರ ದಿನಗಳಲ್ಲಿ ಧೃತಿಗೆಡದೆ ಸಂಸಾರವನ್ನು ಎತ್ತಿ ಹಿಡಿಯುವವಳು ಸೊಸೆ ನಾಗಿ. ಕೊನೆಗೆ ಮಳೆ ನಿಲ್ಲುತ್ತದೆ, ಜೀವ ಉಳಿಯುತ್ತದೆ. ಗಂಡ ಅದನ್ನು ದೇವರ ಕೃಪೆಯೆನ್ನುತ್ತಾನೆ. ಹೆಂಡತಿಯ ದುಡಿಮೆ ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಆ ಮಾತನ್ನು ಕೇಳಿಸಿಕೊಳ್ಳುವ ನಾಗಿಯ ಮುಖವನ್ನು ಕಂಡಾಗ ತಮ್ಮ ಮನೆಯ ಅಡುಗೆಮನೆಯ ಕಡೆಗೆ ತಿರುಗಿ ನೋಡದ ಗೃಹಸ್ಥರು ವಿರಳ. ‘ದ್ವೀಪ’ಕ್ಕೆ ಅತ್ಯುತ್ತಮ ಚಲನಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ದೊರೆಯಿತು.

ನಿರ್ಮಾಪಕಿಯಾಗಿ ಇನ್ನೆಷ್ಟು ಚಿತ್ರಗಳನ್ನು ಕೊಡುತ್ತಿದ್ದರೋ ಎಂದು ಕೇಳಲು ಮಾತ್ರ ಈಗ ಸಾಧ್ಯ. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ನೆಲಕ್ಕುರುಳಿತು. ಸೋದರ ಅಮರನಾಥರೊಡನೆ ಸೌಂದರ್ಯ ಅಸುನೀಗಿದರು. ಆಗಸ್ಟ್ ತಿಂಗಳಲ್ಲಿ ‘ಆಪ್ತಮಿತ್ರ’ ತೆರೆಕಂಡಿತು. ಶಾಂತ ಗೃಹಿಣಿ ಗಂಗಾ ನೋಡನೋಡುತ್ತಿದ್ದಂತೆ ನರ್ತಕಿ ನಾಗವಲ್ಲಿಯಾಗಿ ಕೆರಳುವ ದೃಶ್ಯದಲ್ಲಿ ಚಿತ್ರಮಂದಿರ ಚಪ್ಪಾಳೆಯಿಂದ ತುಂಬಿತು. ಆ ಚಪ್ಪಾಳೆಯನ್ನು ಕೇಳಲು ನಟಿ ಇರಲಿಲ್ಲ.

ನೆರೆಯ ನುಡಿಯಲ್ಲಿ ಗಳಿಸಿದ ಕೀರ್ತಿಯ ಬಲವನ್ನು ಆಕೆ ತನ್ನ ನುಡಿಯ ಒಂದು ಒಳ್ಳೆಯ ಚಿತ್ರಕ್ಕಾಗಿ ವ್ಯಯಮಾಡಿದರು. ಬಾಗಿಲಿರುವುದು ಹೊರಗೆ ಹೋಗುವುದಕ್ಕಷ್ಟೇ ಅಲ್ಲ, ಮರಳಿ ಬರುವುದಕ್ಕೂ ಹೌದು. ಮುಳಬಾಗಿಲಿನ ಈ ಮಗಳು ಅದನ್ನು ಮರೆಯಲಿಲ್ಲ.