ಕಳೆದ ಕಾರ್ಡು, ಹುಡುಕುವ ಬಿಲ್ಲೆ ಮತ್ತು 60 ಸಾವಿರ ಡಾಲರ್

ಕಳೆದ ತಿಂಗಳ ಒಂದು ಭಾನುವಾರ ಜಾನ್ಸನ್‌ವಿಲ್‌ನ ನಮ್ಮ ಮನೆಗೆ ದಾವಣಗೆರೆ ಕಡೆಯ ಗೆಳೆಯನೊಬ್ಬ ಬಂದ. ನನಗಿಂತ ಎಂಟು ವರ್ಷ ಚಿಕ್ಕವನು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಕೈಯಲ್ಲೊಂದು ಪುಟ್ಟ ಡಬ್ಬಿ, ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ. ಕಾಫಿ ಆರುವ ಮೊದಲೇ ವಿಷಯಕ್ಕೆ ಬಂದ. "ಅಣ್ಣ, ಬ್ಯಾಂಕ್ ಕಾರ್ಡ್ ಕಳೆದುಹೋದ್ರೆ ಎಲ್ಲೈತಿ ಅಂತ ಫೋನಲ್ಲಿ ತೋರಿಸೋ ಬಿಲ್ಲೆ ಮಾಡೀನಿ. ಒಟ್ಟು 60 ಸಾವಿರ ಡಾಲರ್ ಬೇಕು. ಮನೆ ಸಾಲದ ಮೇಲೆ ಟಾಪ್‌ಅಪ್ ತಗೊಂಡು 45 ಸಾವಿರ ನಾನು ಹಾಕ್ತೀನಿ. ನೀವೊಂದು 15 ಸಾವಿರ ಹಾಕ್ರಿ."

ಅವನಿಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣ ಇತ್ತು. ಒಂದು ಬೆಳಿಗ್ಗೆ ವೆಲಿಂಗ್ಟನ್‌ಗೆ ಹೋಗುವ ರೈಲಿನಲ್ಲಿ ಪರ್ಸ್ ತೆರೆದರೆ ಭಾರತದ ಎನ್‌ಆರ್‌ಒ ಖಾತೆಯ ಡೆಬಿಟ್ ಕಾರ್ಡ್ ಇರಲಿಲ್ಲ. ಗಾಬರಿಯಲ್ಲಿ ಫೋನ್ ಮಾಡಿ ಶಾಶ್ವತವಾಗಿ ಬ್ಲಾಕ್ ಮಾಡಿಸಿದ. ಅದೇ ವಾರ ಊರಿನಲ್ಲಿ ಅವನ ತಾಯಿ ಆಸ್ಪತ್ರೆ ಸೇರಿದರು. ಹಣ ಕಳಿಸಲು ಕೂತರೆ ನೆಟ್‌ಬ್ಯಾಂಕಿಂಗ್ ಕೇಳಿದ್ದು ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನು. ಖಾತೆಯಲ್ಲಿ ಲಕ್ಷಗಟ್ಟಲೆ ದುಡ್ಡಿದೆ, ಆಸ್ಪತ್ರೆ ಬಿಲ್ ಕಟ್ಟಿದ್ದು ಅಕ್ಕನ ಗಂಡ. ಹೊಸ ಕಾರ್ಡ್ ಕೊರಿಯರ್‌ನಲ್ಲಿ ಬರಲು ಐದು ವಾರ ಹಿಡಿಯಿತು. ಹಳೆಯದು ಹನ್ನೊಂದನೇ ದಿನ ಕಾರಿನ ಸೀಟಿನ ಸಂದಿಯಲ್ಲಿ ಸಿಕ್ಕಿತ್ತು. ಏನು ಪ್ರಯೋಜನ? ಅಷ್ಟರಲ್ಲಿ ಅದು ಬರೀ ಪ್ಲಾಸ್ಟಿಕ್ ಚೂರು.

ನಗುವ ವಿಷಯವಲ್ಲ ಇದು. ಆದರೆ ನೋವು ನಿಜವಾದ ಮಾತ್ರಕ್ಕೆ ವ್ಯಾಪಾರವೂ ನಿಜವಾಗಬೇಕೆಂದಿಲ್ಲ. ಹಾಗಾಗಿ ಆ ಹಾಳೆಯನ್ನು ಆಫೀಸಿನಲ್ಲಿ ಬೇರೆ ಕಂಪನಿಗಳ ಹಾಳೆ ನೋಡುವಂತೆಯೇ ನೋಡಿದೆ.

ಮೊದಲು ದಪ್ಪದ ಪ್ರಶ್ನೆ. ಬ್ಯಾಂಕ್ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಪ್ರಪಂಚದಾದ್ಯಂತ ಇದೇ ಅಳತೆ. ಅದರೊಳಗೆ ಬ್ಯಾಟರಿ ಇರುವುದಿಲ್ಲ. ಅಂಗಡಿಯ ಯಂತ್ರಕ್ಕೆ ತಾಗಿಸಿದಾಗ ಯಂತ್ರದಿಂದಲೇ ಶಕ್ತಿ ಪಡೆದು ಒಂದು ಕ್ಷಣ ಜೀವ ತಳೆಯುತ್ತದೆ, ಮತ್ತೆ ಸುಮ್ಮನಾಗುತ್ತದೆ. ಸೀಟಿನ ಸಂದಿಯಲ್ಲಿ ಬಿದ್ದ ಕಾರ್ಡ್ ತಾನಾಗಿ ಕೂಗಿ ಹೇಳಲಾರದು. ಕೂಗಬೇಕೆಂದರೆ ಬ್ಯಾಟರಿ ಬೇಕು. ಈ ಬಗೆಯ ಸಾಧನಗಳಲ್ಲಿ ಸಾಮಾನ್ಯವಾಗಿ ಬಳಸುವ ಸಿಆರ್‌2032 ಎಂಬ ಗುಂಡು ಸೆಲ್ 3.2 ಮಿಲಿಮೀಟರ್ ದಪ್ಪ (ಹೆಸರಿನಲ್ಲೇ ಅಳತೆ ಇದೆ, 20 ಅಗಲ, 3.2 ದಪ್ಪ). ಗೆಳೆಯನ ಬಿಲ್ಲೆ ಅದಕ್ಕಿಂತ ತೆಳ್ಳಗಿನ ಬ್ಯಾಟರಿಯದ್ದು, ಆದರೂ ಕಾರ್ಡಿಗಿಂತ ಮೂರು ಪಟ್ಟು ದಪ್ಪ. ಅಂದರೆ ಅದು ಪರ್ಸಿನಲ್ಲಿ ಕಾರ್ಡಿನ ಪಕ್ಕದಲ್ಲಿ ಕೂರಬೇಕು. ಹುಡುಕಿಕೊಡುವುದು ಪರ್ಸನ್ನು, ಕಾರ್ಡನ್ನಲ್ಲ. ಅವನ ಕಾರ್ಡ್ ಜಾರಿದ್ದು ಪರ್ಸಿನಿಂದ ಎಂದು ನೆನಪಿಸಿದೆ. "ಅಂಟಿಸಬಹುದು" ಅಂದ. ಅಂಟಿಸಿದರೆ ಎಟಿಎಂ ಬಾಯಿಗೆ ಹೋಗುವುದಿಲ್ಲವಲ್ಲ!

ಕಾರ್ಡಿನೊಳಗೇ ಇದನ್ನು ತುರುಕಲು ಹೋದವರ ಕಥೆ ಇಲ್ಲಿ ಹೇಳಬೇಕು. ಅಮೆರಿಕದ ಕಾಯಿನ್ ಎಂಬ ಕಂಪನಿ 2013ರ ನವೆಂಬರ್‌ನಲ್ಲಿ ನಿಮ್ಮ ಹಲವು ಕಾರ್ಡುಗಳನ್ನು ಒಂದೇ ಎಲೆಕ್ಟ್ರಾನಿಕ್ ಕಾರ್ಡಿನಲ್ಲಿ ತುಂಬಿಕೊಡುತ್ತೇವೆ ಎಂದು ಮುಂಗಡ ತೆಗೆದುಕೊಂಡಿತು. ಹೋಟೆಲ್ ಟೇಬಲ್ ಮೇಲೆ ಕಾರ್ಡ್ ಮರೆತು ಹೊರಟರೆ ಬ್ಲೂಟೂತ್ ಮೂಲಕ ಫೋನ್ ಎಚ್ಚರಿಸುತ್ತದೆ ಎಂಬುದೂ ಅದರ ಆಕರ್ಷಣೆಯಾಗಿತ್ತು. 50 ಸಾವಿರ ಡಾಲರ್ ಗುರಿ ಒಂದು ಗಂಟೆಯೊಳಗೆ ಮುಟ್ಟಿತು. ಆದರೆ ಮೊದಲ ಕಾರ್ಡ್ ಕೆಲಸ ಮಾಡಿದ್ದು ಹಿಂಬದಿಯ ಕಪ್ಪು ಪಟ್ಟಿಯಿಂದ, ಅಮೆರಿಕದ ಅಂಗಡಿಗಳು ಚಿಪ್ ಕಡೆಗೆ ಹೊರಳಿದ್ದು ಅದೇ ಹೊತ್ತಿನಲ್ಲಿ. 2016ರಲ್ಲಿ ಫಿಟ್‌ಬಿಟ್ ಕಂಪನಿ ಅದರ ತಂತ್ರಜ್ಞಾನವನ್ನು ಕೊಂಡಿತು, ಕಾರ್ಡನ್ನಲ್ಲ. 2017ರ ಆರಂಭದಲ್ಲಿ ಸೇವೆ ನಿಂತಿತು. ಅದೇ ಜಾಡಿನಲ್ಲಿ ಹೋದ ಪ್ಲಾಸ್ಟ್‌ಕ್ ಸುಮಾರು 90 ಲಕ್ಷ ಡಾಲರ್ ಮುಂಗಡ ಪಡೆದು, ಒಂದು ಕಾರ್ಡನ್ನೂ ಕಳಿಸದೆ, 2017ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಬೇಡಿಕೆ ಇದೆ ಎನ್ನಲು ಮುಂಗಡ ದುಡ್ಡೇ ಸಾಕ್ಷಿ ಎನ್ನುವವರಿಗೆ ನಾನು ಇವೆರಡನ್ನು ತೋರಿಸುತ್ತೇನೆ.

ಪರ್ಸಿನಲ್ಲಿಡುವ ಬಿಲ್ಲೆ ಎಂದಾದರೆ ಎದುರಾಳಿ ಯಾರೆಂದು ನಿಮಗೆ ಗೊತ್ತು. ಟೈಲ್ ಈ ಮಾರುಕಟ್ಟೆಯನ್ನು ಬೆಳೆಸಿತು, 2021ರ ಏಪ್ರಿಲ್‌ನಲ್ಲಿ ಆಪಲ್ 29 ಅಮೆರಿಕನ್ ಡಾಲರಿಗೆ ಏರ್‌ಟ್ಯಾಗ್ ತಂದಿತು, ಅದೇ ವರ್ಷ ನವೆಂಬರ್‌ನಲ್ಲಿ ಟೈಲ್ ತನ್ನನ್ನು ಲೈಫ್‌360 ಕಂಪನಿಗೆ 20.5 ಕೋಟಿ ಡಾಲರಿಗೆ ಮಾರಿಕೊಳ್ಳಲು ಒಪ್ಪಿತು. ಇಂಥ ಬಿಲ್ಲೆಗಳಲ್ಲಿ ಜಿಪಿಎಸ್ ಇರುವುದಿಲ್ಲ. ಅದು ಬ್ಲೂಟೂತ್‌ನಲ್ಲಿ ಕೂಗುತ್ತದೆ, ಹತ್ತಿರ ಹಾದುಹೋಗುವ ಅಪರಿಚಿತರ ಫೋನ್ ಕೇಳಿಸಿಕೊಂಡು ಜಾಗ ತಿಳಿಸುತ್ತದೆ. ಅಂದರೆ ಬೆಲೆ ಇರುವುದು ಬಿಲ್ಲೆಗಲ್ಲ, ಕಿವಿಗೊಡುವ ಕೋಟ್ಯಂತರ ಫೋನುಗಳಿಗೆ. ಆ ಫೋನುಗಳು ಆಪಲ್ ಮತ್ತು ಗೂಗಲ್ ಕೈಯಲ್ಲಿವೆ. ಅವರ ಜಾಲಕ್ಕೆ ಬಿಲ್ಲೆ ಸೇರಿಸಲು ದಾರಿ ಇದೆ, ಆದರೆ ಆಗ ನೀನು ಅವರ ಅಂಗಳದ ಬಾಡಿಗೆದಾರ ಎಂದೆ.

ಇಷ್ಟು ಹೊತ್ತು ಅವನು ಸೋಲಲಿಲ್ಲ. ಸೋತದ್ದು ಎಕ್ಸೆಲ್ ಹಾಳೆಯ ಮುಂದೆ. ಅವನ ಲೆಕ್ಕ ಸರಳ: ಮಾರಾಟ ಬೆಲೆ 49 ಡಾಲರ್, ತಯಾರಿಕೆ 14, ಉಳಿಕೆ 35. ಆ್ಯಪ್, ಅಚ್ಚು, ಪರೀಕ್ಷೆ, ಪ್ರಮಾಣಪತ್ರಕ್ಕೆ 60 ಸಾವಿರ. 1,715 ಬಿಲ್ಲೆ ಮಾರಿದರೆ ಅಸಲು ವಾಪಸ್.

1,715ನ್ನು 49ರಿಂದ ಗುಣಿಸಿ, 84 ಸಾವಿರ. ನ್ಯೂಜಿಲೆಂಡ್‌ನಲ್ಲಿ ವರ್ಷದ ವಹಿವಾಟು 60 ಸಾವಿರ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ದರ ಶೇ. 15. ಹಾಗಾದರೆ 49ರಲ್ಲಿ ಅವನದ್ದು 42.61 ಮಾತ್ರ. ಅಂಗಡಿಯವನಿಗೆ ಶೇ. 30 ಬಿಟ್ಟರೆ 29.83. ತಯಾರಿಕೆ 14, ಡಬ್ಬಿ-ಕೊರಿಯರ್-ವಾಪಸಾತಿಗೆ 6 ಕಳೆಯಿರಿ. ಉಳಿದದ್ದು 9.83. ಈಗ ಅಸಲು ಹುಟ್ಟಲು ಸುಮಾರು 6,100 ಬಿಲ್ಲೆ ಬೇಕು. ಅಂಗಡಿ ಬೇಡ, ಆನ್‌ಲೈನ್ ಮಾರುತ್ತೇನೆ ಎಂದರೆ ಅಂಗಡಿಯವನ ಪಾಲು ಜಾಹೀರಾತಿಗೆ ಹೋಗುತ್ತದೆ. ಅವನ ಸಂಬಳವನ್ನು ನಾನು ಇನ್ನೂ ಸೇರಿಸಿರಲಿಲ್ಲ, ಟಾಪ್‌ಅಪ್‌ನ ಬಡ್ಡಿಯನ್ನೂ.

"ಹಂಗಾದ್ರೆ ಬ್ಯಾಂಕಿಗೇ ಮಾರೋಣ ಅಣ್ಣ" ಅಂದ. ಬ್ಯಾಂಕ್ ಯಾಕೆ ಕೊಳ್ಳಬೇಕು? ಕಾರ್ಡ್ ಬ್ಲಾಕ್ ಆದ ಕ್ಷಣ ಬ್ಯಾಂಕಿನ ಅಪಾಯ ಮುಗಿಯಿತು, ಹೊಸ ಪ್ಲಾಸ್ಟಿಕ್ ಅದಕ್ಕೆ ಚಿಲ್ಲರೆ ಖರ್ಚು. ಗ್ರಾಹಕನಿಗೂ ಅಷ್ಟೇ. 2017ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ನೀವು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು. ಹಾಗಿದ್ದೂ ಭಯವನ್ನೇ ಸರಕು ಮಾಡಿ ಮಾರಬಹುದು, ಮಾರಿದವರಿದ್ದಾರೆ. ಬ್ರಿಟನ್ನಿನ ಸಿಪಿಪಿ ಎಂಬ ಸಂಸ್ಥೆ ಬ್ಯಾಂಕುಗಳ ಮೂಲಕ ವರ್ಷಕ್ಕೆ ಸುಮಾರು 30 ಪೌಂಡ್‌ಗೆ ಕಾರ್ಡ್ ರಕ್ಷಣೆ ಮಾರುತ್ತಿತ್ತು. ಕಳೆದ ಕಾರ್ಡಿನಿಂದಾಗುವ ವಂಚನೆಗೆ ಬ್ಯಾಂಕ್ ಹೇಗೂ ಹೊಣೆಯಾಗಿದ್ದರಿಂದ, ಬಹಳ ಜನ ಬೇಡದ್ದಕ್ಕೆ ದುಡ್ಡು ಕಟ್ಟಿದ್ದರು. 2013ರಲ್ಲಿ 70 ಲಕ್ಷ ಗ್ರಾಹಕರಿಗಾಗಿ 130 ಕೋಟಿ ಪೌಂಡ್‌ವರೆಗಿನ ಪರಿಹಾರ ಯೋಜನೆಗೆ ಸಿಪಿಪಿ ಮತ್ತು 13 ಬ್ಯಾಂಕು, ಕಾರ್ಡ್ ಕಂಪನಿಗಳು ಒಪ್ಪಬೇಕಾಯಿತು. ಈ ವ್ಯಾಪಾರದಲ್ಲಿ ಒಂದು ಕಾಲಕ್ಕೆ ಒಳ್ಳೆಯ ಲಾಭ ಇದ್ದದ್ದು ಅಲ್ಲಿ. ನನಗೆ ಆ ಲಾಭ ಬೇಡ.

ಇಷ್ಟಕ್ಕೂ ಅವನು ಕಳೆದುಕೊಂಡದ್ದು ಕಾರ್ಡನ್ನಲ್ಲ, ಐದು ವಾರಗಳನ್ನು. ಅದಕ್ಕೆ ಬಿಲ್ಲೆ ಬೇಕಿರಲಿಲ್ಲ. ಕಾರ್ಡನ್ನು ಆ್ಯಪ್‌ನಲ್ಲೇ ತಾತ್ಕಾಲಿಕವಾಗಿ ಆಫ್ ಮಾಡಿ, ಸಿಕ್ಕಾಗ ಆನ್ ಮಾಡುವ ಸೌಲಭ್ಯ ಕೊಡಬೇಕೆಂದು ಆರ್‌ಬಿಐ 2020ರ ಜನವರಿಯಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅವನು ಆಫ್ ಮಾಡಿದ್ದರೆ ಹನ್ನೊಂದನೇ ದಿನ ಕಾರ್ಡ್ ಮತ್ತೆ ಜೀವಂತ. ನೀವೂ ಈಗಲೇ ನಿಮ್ಮ ಆ್ಯಪ್ ತೆರೆದು ಆ ಬಟನ್ ಎಲ್ಲಿದೆ ನೋಡಿಕೊಳ್ಳಿ, ಶಾಶ್ವತ ಬ್ಲಾಕ್ ಬಟನ್ ಅದರ ಪಕ್ಕದಲ್ಲೇ ಇರಬಹುದು. ಎರಡನೇ ಬ್ಯಾಂಕಿನಲ್ಲೊಂದು ಎನ್‌ಆರ್‌ಒ ಖಾತೆ ಇಟ್ಟು, ಮೂರು ತಿಂಗಳ ಮನೆ ಖರ್ಚಿನಷ್ಟು ಹಣ ಅಲ್ಲಿರಲಿ. ಭಾರತದ ಸಿಮ್ ರೀಚಾರ್ಜ್ ತಪ್ಪಿಸಬೇಡಿ, ಒಟಿಪಿ ಬರುವುದು ಅಲ್ಲಿಗೇ. ವಿದೇಶಿ ನಂಬರಿನಲ್ಲಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಹತ್ತು ದೇಶಗಳಿಗೆ ಅವಕಾಶ ಸಿಕ್ಕಾಗ ಆಸ್ಟ್ರೇಲಿಯಾ ಪಟ್ಟಿಯಲ್ಲಿತ್ತು, ನ್ಯೂಜಿಲೆಂಡ್ ಇರಲಿಲ್ಲ.

15 ಸಾವಿರ ನಾನು ಕೊಡಲಿಲ್ಲ. ಮನೆಯನ್ನು ಇದಕ್ಕೆ ಒತ್ತೆ ಇಡಬೇಡ, ಮೊದಲು ಗುರುತಿಲ್ಲದ 50 ಜನರಿಂದ 49 ಡಾಲರ್ ಮುಂಗಡ ತೆಗೆದುಕೊಂಡು ತೋರಿಸು, ಬಿಲ್ಲೆ ಕೊಡಲಾಗದಿದ್ದರೆ ಪೂರ್ತಿ ವಾಪಸ್ ಎಂದು ಬರೆದುಕೊಡು, ಆಮೇಲೆ ಮತ್ತೆ ಕೂರೋಣ ಎಂದೆ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವನೇ ಮಾಡಿದ. ಟಾಪ್‌ಅಪ್ ಅರ್ಜಿ ಇನ್ನೂ ಹಾಕಿಲ್ಲ. ನಾಲ್ಕು ವಾರಕ್ಕೆ ಒಂಬತ್ತು ಜನ ದುಡ್ಡು ಕೊಟ್ಟಿದ್ದಾರೆ. ಅದರಲ್ಲಿ ಮೂವರು ನಮ್ಮ ಕನ್ನಡ ಕೂಟದವರೇ, ಅವರನ್ನು ಲೆಕ್ಕದಿಂದ ತೆಗೆದಿದ್ದೇವೆ.