ಗದೆಗೊಂದು ತಾಮ್ರ, ಕೊಡಲಿಗೊಂದು ತಾಮ್ರ

ಒಡವೆಯ ಕ್ಯಾರೆಟ್ ಅಳೆಯಲು ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಇಟ್ಟಿರುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಪುರಾತತ್ವದಲ್ಲೂ ಕೈತುಂಬಾ ಕೆಲಸ. ಎಕ್ಸ್-ಕಿರಣ ಬಿದ್ದ ಪರಮಾಣುವಿನ ಒಳಕವಚದಿಂದ ಎಲೆಕ್ಟ್ರಾನೊಂದು ಎಗರಿ ಹೋಗುತ್ತದೆ. ತೆರವಾದ ಜಾಗಕ್ಕೆ ಹೊರಗಿನದೊಂದು ಇಳಿಯುತ್ತದೆ. ಇಳಿಯುವಾಗ ಹೊಮ್ಮುವ ಕಿರಣದ ಶಕ್ತಿ ಒಂದೊಂದು ಧಾತುವಿಗೂ ಬೇರೆ ಬೇರೆ: ತಾಮ್ರಕ್ಕೆ 8.05 ಕಿಲೋ ಎಲೆಕ್ಟ್ರಾನ್‌ವೋಲ್ಟ್, ತವರಕ್ಕೆ 25.3.

ಕೇಳಲು ಸುಲಭ. ಆದರೆ ಆರ್ಸೆನಿಕ್ಕಿನ ಮುಖ್ಯ ಗೆರೆ 10.54ರಲ್ಲಿದ್ದರೆ ಸೀಸದ್ದು 10.55ರಲ್ಲಿ. ಯಂತ್ರದ ಪರದೆಯ ಮೇಲೆ ಎರಡೂ ಒಂದೇ ದಿಬ್ಬ! ಸೀಸಕ್ಕೆ 12.6ರ ಬಳಿ ಇನ್ನೊಂದು ಗೆರೆಯಿದೆ. ಅದನ್ನು ನೋಡಿ ಯಾರ ಪಾಲು ಎಷ್ಟೆಂದು ಲೆಕ್ಕ ಹಾಕಬೇಕು. ಕಿಲುಬಿನ ಕಾಟವೂ ಉಂಟು. ತಾಮ್ರದ ಸುಳಿವು ಬರುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಆಳದಿಂದ. ಸಾವಿರಾರು ವರ್ಷ ಮಣ್ಣಲ್ಲಿದ್ದ ಕಂಚಿನ ಹೊರಪದರವಾದರೋ ಒಳಗಿನ ಲೋಹದಂತಿರುವುದಿಲ್ಲ. ಹಾಗಾಗಿ ಕಾಣದ ಮೂಲೆಯಲ್ಲಿ ಸಣ್ಣ ರಂಧ್ರ ಕೊರೆದು, ಮೊದಲು ಬಂದ ಪುಡಿಯನ್ನು ಚೆಲ್ಲಿ, ಆಮೇಲಿನದನ್ನು ಪರೀಕ್ಷಿಸುವ ರೂಢಿ ಇನ್ನೂ ಹೋಗಿಲ್ಲ. ವಸ್ತುಸಂಗ್ರಹಾಲಯದವರು ಇದಕ್ಕೆ ಮುಖ ಸಿಂಡರಿಸುತ್ತಾರೆ, ಸಹಜವೇ.

ಇಷ್ಟೆಲ್ಲ ಪಾಡುಪಟ್ಟರೆ ಸಿಗುವುದೇನು? 1961ರಲ್ಲಿ ಮೃತ ಸಮುದ್ರದ ಪಕ್ಕದ ಜುಡಿಯನ್ ಮರುಭೂಮಿಯಲ್ಲಿ, ನಹಲ್ ಮಿಷ್ಮಾರ್ ಕಣಿವೆಯ ಗುಹೆಯೊಂದರಲ್ಲಿ ಪೆಸಾಹ್ ಬಾರ್-ಆಡೋನ್ ತಂಡಕ್ಕೆ ಚಾಪೆಯಲ್ಲಿ ಸುತ್ತಿಟ್ಟ 442 ವಸ್ತುಗಳು ಸಿಕ್ಕವು. ಸುಮಾರು 6000 ವರ್ಷ ಹಳೆಯವು. 429 ತಾಮ್ರದವು: ಗದೆಯ ತಲೆಗಳು, ದಂಡಗಳು, ಕಿರೀಟಗಳು, ಒಂದಿಷ್ಟು ಉಳಿ ಮತ್ತು ಕೊಡಲಿ. ಕಿರೀಟವೊಂದರ ಅಂಚಿನ ಮೇಲೆ ಹಕ್ಕಿಗಳು ಕೂತಿವೆ.

ವಿಶ್ಲೇಷಿಸಿದಾಗ ಗಂಟಿನೊಳಗೆ ಎರಡು ಲೋಹಗಳಿದ್ದವು. ಉಳಿ, ಕೊಡಲಿಗಳದು ಹೆಚ್ಚುಕಡಿಮೆ ಶುದ್ಧ ತಾಮ್ರ. ಅಲಂಕಾರದ ವಸ್ತುಗಳಲ್ಲಿ ಹೆಚ್ಚಿನವಕ್ಕೆ ಆರ್ಸೆನಿಕ್, ಆಂಟಿಮನಿ ಬೆರೆತ ತಾಮ್ರ. ವಿಚಿತ್ರವೆಂದರೆ ಗಟ್ಟಿ ಲೋಹ ಎರಡನೆಯದು. ಮರ ಕಡಿಯುವ ಕೊಡಲಿಗಲ್ಲವೇ ಅದು ಸಲ್ಲಬೇಕಿದ್ದದ್ದು? ಎರಕದವನ ಕಣ್ಣಲ್ಲಿ ನೋಡಿದರೆ ಕಾರಣ ಹೊಳೆಯುತ್ತದೆ. ಈ ಮಿಶ್ರಲೋಹ ಬೇಗ ಕರಗಿ, ಮೇಣ ಕರಗಿಸಿ ಬಿಟ್ಟ ಅಚ್ಚಿನ ಸಂದುಗೊಂದುಗಳಿಗೂ ಸಲೀಸಾಗಿ ಹರಿಯುತ್ತದೆ. ತಾಮ್ರದ ಕೆಂಪು ಅಳಿದು ತಿಳಿಬಣ್ಣ ಬರುತ್ತದೆ. ಆತ ಲೋಹ ಆರಿಸಿದ್ದು ಬಲಕ್ಕಲ್ಲ, ಬೆಡಗಿಗೆ ಎಂದೇ ನನಗನ್ನಿಸುತ್ತದೆ.

ಆಂಟಿಮನಿಯುಳ್ಳ ಅಂಥ ಅದಿರು ಆ ಸುತ್ತಿನಲ್ಲಿಲ್ಲ. ಅನಟೋಲಿಯ, ಕಾಕಸಸ್ ಕಡೆಗೆ ವಿದ್ವಾಂಸರು ಬೆರಳು ತೋರುತ್ತಾರೆ. ಆದರೆ ಎರಕದೊಳಗೆ ಅಂಟಿ ಉಳಿದ ಅಚ್ಚಿನ ಮಣ್ಣನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅದು ಅದೇ ಸೀಮೆಯದು. ದೂರದಿಂದ ಬಂದದ್ದು ಲೋಹ ಮಾತ್ರ. ಎರಕ ಹೊಯ್ದದ್ದು ಅಲ್ಲೇ.