ಹಡಗಿನವರಿಗೆ ಎಂಟು ಗಂಟೆ, ಝಿಯಾರತ್ ಬಸ್ಸಿಗೆ ಒಂದು ಹಗಲು

ನವೆಂಬರ್ ಬಂತೆಂದರೆ ಪಣಂಬೂರು ಕಡೆಯ ನಮ್ಮ ಟ್ಯಾಕ್ಸಿ, ಟೂರಿಸ್ಟ್ ಬಸ್ಸಿನವರ ಮಾತಿನಲ್ಲಿ ಒಂದು ವಿಷಯ ಸೇರಿಕೊಳ್ಳುತ್ತದೆ: ಈ ಸಲ ಎಷ್ಟು ಹಡಗು? ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗರ ಹಡಗುಗಳು ಬರುವ ಕಾಲ ಅದು. ಕೊರೊನಾದಿಂದ ನಿಂತುಹೋಗಿದ್ದ ಈ ಓಡಾಟ 2022ರ ನವೆಂಬರ್ 28ರಂದು 'ಯುರೋಪಾ 2' ಬಂದು ನಿಂತಾಗ ಮತ್ತೆ ಶುರುವಾಯಿತು. ಬೆಳಿಗ್ಗೆ ಹಡಗು ಕಟ್ಟೆಗೆ ತಾಗುತ್ತದೆ, ಸಂಜೆ ಹೊರಡುತ್ತದೆ. ನಡುವೆ ಸಿಗುವ ಏಳೆಂಟು ಗಂಟೆಯಲ್ಲಿ ಅವರಿಗೆ ನಮ್ಮ ಜಿಲ್ಲೆ ತೋರಿಸಿ ಆಗಬೇಕು.

ತೋರಿಸುವುದು ಎಂತ? ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳು, 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅದರ ಎರಡು ವರ್ಷದ ನಂತರ ನಿಂತ ಕಾರ್ಕಳದ 42 ಅಡಿಯ ಗೊಮ್ಮಟ. ಮಧ್ಯೆ ಒಂದು ಹಳೆ ಮನೆ, ಒಂದು ತೋಟ, ಒಂದು ಮಾರ್ಕೆಟ್. ಪೇಪರಿನಲ್ಲಿ ಈ ಪಟ್ಟಿ ಬಂದಾಗಲೆಲ್ಲ ನಾವು ಬಂದರಿನ ಝೀನತ್ ಬಕ್ಷ್ ಮಸೀದಿಯ ಹೆಸರು ಹುಡುಕುತ್ತೇವೆ. ಅದರ ಮರದ ಕೆತ್ತನೆ ನೋಡಿದವರು ಯಾಕೆ ಹುಡುಕುತ್ತೇವೆ ಎಂದು ಕೇಳಲಿಕ್ಕಿಲ್ಲ. ಆ ಮಾತು ಕೊನೆಗೆ ಇರಲಿ.

ಈ ಹಡಗಿನ ಟೂರಿನ ಕೆಲಸ ಮಾಡುವ ಕ್ರಮ ನಮಗೆ ಬಹಳ ಹಿಡಿಸಿದೆ. ಪ್ರತಿ ಬಸ್ಸಿಗೊಂದು ನಂಬರ್, ಗೈಡಿನ ಕೈಯಲ್ಲಿ ಅದೇ ನಂಬರಿನ ಫಲಕ. ಎಷ್ಟು ಮೆಟ್ಟಿಲು ಹತ್ತಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಭುಜ ಮುಚ್ಚಿಕೊಳ್ಳಬೇಕು, ಶೌಚಾಲಯ ಎಲ್ಲಿ ಎಂಬುದನ್ನು ಬಸ್ಸಿನಲ್ಲೇ ಹೇಳಿ ಆಗಿರುತ್ತದೆ. ದಿನಕ್ಕೆ ಮೂರೋ ನಾಲ್ಕೋ ಜಾಗ, ಅಷ್ಟೇ. ಹತ್ತು ತೋರಿಸಿದರೆ ಹತ್ತೂ ಮರೆತುಹೋಗುತ್ತದೆ ಎಂದು ಅವರಿಗೆ ಗೊತ್ತು. ಹೊರಡುವ ಹೊತ್ತು ಮಾತ್ರ ಕಲ್ಲಿನಲ್ಲಿ ಬರೆದ ಹಾಗೆ. ಹಡಗಿನವರೇ ಮಾರಿದ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ರಿಕ್ಷಾ ಹಿಡಿದು ಹೋದವ ತಡಮಾಡಿದರೆ ಸಾಮಾನ್ಯವಾಗಿ ಕಾಯುವುದಿಲ್ಲ, ಅವ ಮುಂದಿನ ಬಂದರಿಗೆ ತನ್ನ ಖರ್ಚಿನಲ್ಲೇ ಹೋಗಿ ಹತ್ತಬೇಕು.

ಇನ್ನು ನಮ್ಮ ಝಿಯಾರತ್ ಬಸ್ಸುಗಳನ್ನು ನೋಡಿ. ನಾಲ್ಕು ದಿನದಲ್ಲಿ ಒಂಬತ್ತು ದರ್ಗಾ ಎಂದು ನೋಟಿಸು ಹಂಚಿದ ಬಸ್ಸೊಂದರಲ್ಲಿ ನಾವೂ ಹೋದದ್ದುಂಟು. ಇಳಿ, ಫಾತಿಹಾ ಓದು, ಹತ್ತು. ಯಾರ ಮಖ್ಬರಾ, ಯಾವ ಕಾಲದವರು, ಎಲ್ಲಿಂದ ಬಂದವರು ಎಂದು ಕೇಳಿದರೆ ಬಸ್ಸಿನಲ್ಲಿ ಹೇಳುವ ಜನ ಇಲ್ಲ. ಕಲಬುರಗಿಗೆ ರಾತ್ರಿಯಿಡೀ ಕೂತು ಹೋಗುತ್ತೇವೆ. ಖ್ವಾಜಾ ಬಂದೇ ನವಾಝರು ದಿಲ್ಲಿ ಬಿಟ್ಟು ಅಷ್ಟು ಇಳಿವಯಸ್ಸಿನಲ್ಲಿ ದಖ್ಖನಿಗೆ ಬಂದದ್ದು, 1422ರಲ್ಲಿ ಅಲ್ಲೇ ವಫಾತಾದದ್ದು ತಿಳಿಯದೆಯೇ ವಾಪಸ್ ಬರುತ್ತೇವೆ. ಅಲ್ಲಿಂದ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಏನುಂಟು ಎಂದು ಯಾರೂ ಕೇಳುವುದಿಲ್ಲ.

ಏನುಂಟು ಎಂದು ನೋಡಲಿಕ್ಕೆ ಕಳೆದ ಚಳಿಗಾಲದಲ್ಲಿ ನಾವು ಕಲಬುರಗಿಯಲ್ಲಿ ಒಂದು ದಿನ ಉಳಿಸಿಕೊಂಡು, ಹಡಗಿನವರ ಕ್ರಮದಲ್ಲೇ ಹೊರಟೆವು. ಬೆಳಿಗ್ಗೆ ಎಂಟಕ್ಕೆ ಬಿಡುವುದು, ಸಂಜೆ ಐದಕ್ಕೆ ಬಸವಕಲ್ಯಾಣದಿಂದ ತಿರುಗುವುದು, ನಡುವೆ ಮೂರೇ ಜಾಗ. ಕಮಲಾಪುರ ದಾಟಿ ಹುಮನಾಬಾದ್ ಮುಟ್ಟುವವರೆಗೆ ಎರಡೂ ಕಡೆ ಕಪ್ಪು ಮಣ್ಣು, ತೊಗರಿ, ಜೋಳ. ನಮ್ಮ ಹಾಗೆ ತೆಂಗಿನ ಮರದ ನೆರಳಿನಲ್ಲಿ ಬೆಳೆದವರಿಗೆ ಅಷ್ಟು ಆಕಾಶ ಒಟ್ಟಿಗೆ ನೋಡುವುದೇ ಒಂದು ಟೂರ್.

ಹುಮನಾಬಾದ್ ಪೇಟೆಯಿಂದ ಸ್ವಲ್ಪ ಆಚೆಗೆ ಮಾಣಿಕನಗರ. ವಿರಜಾ, ಗುರುಗಂಗಾ ಎಂಬ ಎರಡು ಸಣ್ಣ ಹೊಳೆ ಕೂಡುವ ಜಾಗ. ಅಲ್ಲಿ ಶ್ರೀ ಮಾಣಿಕ ಪ್ರಭುಗಳ ಸಮಾಧಿ ಮಂದಿರ ಉಂಟು. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, 1865ರಲ್ಲಿ ಇಲ್ಲೇ ಸಮಾಧಿಯಾದವರು. ದತ್ತಾತ್ರೇಯರ ಅವತಾರ ಎಂದು ಅವರ ಭಕ್ತರ ನಂಬಿಕೆ. ಹಾಗಾಗಿ ಡಿಸೆಂಬರಿನ ದತ್ತ ಜಯಂತಿಗೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನೋಡುವ, ಕೇಳುವ ಉದ್ದೇಶದಿಂದ ಹೋಗುವವರು ಆ ವಾರ ಬಿಟ್ಟು ಬೇರೆ ದಿನ ಹೋಗುವುದು ಒಳ್ಳೆಯದು.

ಬ್ಯಾರಿ ಓದುಗರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಆ ಕಾಲದಲ್ಲಿ ಇದು ನಿಝಾಮರ ರಾಜ್ಯ. ಸುತ್ತಮುತ್ತ ಮರಾಠಿ, ಕನ್ನಡ, ಉರ್ದು, ತೆಲುಗು ನಾಲ್ಕೂ ಒಂದೇ ಸಂತೆಯಲ್ಲಿ ಕೇಳುತ್ತಿದ್ದ ಸೀಮೆ. ಪ್ರಭುಗಳ ದರ್ಬಾರಿಗೆ ಬರುತ್ತಿದ್ದ ಮುಸ್ಲಿಮರು ಅವರಲ್ಲಿ ಕಂಡದ್ದು ಮಹಬೂಬ್ ಸುಬ್ಹಾನಿಯವರನ್ನು. ಮಹಬೂಬ್ ಸುಬ್ಹಾನಿ ಎಂದರೆ ಯಾರು? ಬಗ್ದಾದಿನ ಶೇಖ್ ಅಬ್ದುಲ್ ಖಾದಿರ್ ಜೀಲಾನಿ. ನಮ್ಮ ಮನೆಗಳಲ್ಲಿ ಮುಹ್ಯಿದ್ದೀನ್ ಶೇಖ್ ಎಂದರೆ ಮಕ್ಕಳಿಗೂ ಗೊತ್ತು. ಅವರ ಮೇಲಿನ ಮುಹ್ಯಿದ್ದೀನ್ ಮಾಲೆ 1607ರಷ್ಟು ಹಳೆಯದು, ಈ ಕರಾವಳಿಯಲ್ಲಿ ಅಜ್ಜಿಯಂದಿರು ಅದನ್ನು ಪುಸ್ತಕ ನೋಡದೆ ಹಾಡುತ್ತಿದ್ದರು. ಅದೇ ಹೆಸರು ಏಳುನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಒಂದು ದತ್ತ ಸಂಪ್ರದಾಯದ ಗುರುಪೀಠದ ಚರಿತ್ರೆಯಲ್ಲಿ ಸಿಗುತ್ತದೆ ಎಂದರೆ ಆಶ್ಚರ್ಯ ಆಗುವುದಿಲ್ವಾ? ಅಕೀದಾದ ಪ್ರಶ್ನೆ ಬೇರೆ, ಅದನ್ನು ನಮ್ಮ ಉಸ್ತಾದರು ಹೇಳಲಿ. ನಾವು ಹೇಳುವುದು ಚರಿತ್ರೆಯ ಮಾತು: ಹೀಗೆ ಕಂಡ ಜನ ಇದ್ದರು, ಮಂದಿರದವರೂ ಅದನ್ನು ಮುಚ್ಚಿಡುವುದಿಲ್ಲ.

ಪ್ರಭುಗಳು ಹಾಕಿಕೊಟ್ಟ ಹಾದಿಗೆ 'ಸಕಲಮತ' ಎಂದೇ ಹೆಸರು. ಎಲ್ಲ ಮತಗಳೂ ಗೌರವಕ್ಕೆ ಅರ್ಹ, ನಿನ್ನ ಮತ ಬಿಟ್ಟು ಇನ್ನೊಂದಕ್ಕೆ ಬಾ ಎಂದು ಯಾರಿಗೂ ಹೇಳುವ ಅಗತ್ಯ ಇಲ್ಲ ಎಂಬುದು ಅದರ ಸಾರ. ಅವರು ಹಾಡುಗಳನ್ನು ಕಟ್ಟಿದ್ದು ಮರಾಠಿಯಲ್ಲೂ ಹೌದು, ಕನ್ನಡದಲ್ಲೂ ಹೌದು, ಹಿಂದೂಸ್ತಾನಿಯಲ್ಲೂ ಹೌದು. ಪೀಠದ ಪರಂಪರೆ ಇವತ್ತಿಗೂ ನಡೆಯುತ್ತಿದೆ, ಈಗ ಜ್ಞಾನರಾಜ ಮಾಣಿಕ ಪ್ರಭುಗಳು ಪೀಠಾಧಿಪತಿ. ದೃಷ್ಟಿ ಇಲ್ಲದ ಮಕ್ಕಳ ಶಾಲೆಯೊಂದನ್ನೂ ಸಂಸ್ಥಾನ ನಡೆಸುತ್ತದೆ. ನಮ್ಮ ಜೊತೆಗಿದ್ದ ಒಬ್ಬರು ಟೋಪಿ ತೆಗೆಯಬೇಕಾ ಎಂದು ಮೆಲ್ಲನೆ ಕೇಳಿದರು. ಬಾಗಿಲ ಹತ್ತಿರ ಕೂತಿದ್ದ ಹಿರಿಯರಿಗೆ ಅದು ಕೇಳಿಸಿತು. ಚಪ್ಪಲಿ ಮಾತ್ರ ತೆಗೆಯಿರಿ, ಎಂದರು. ಪೂಜೆಯಲ್ಲಿ ನಾವು ಪಾಲುಗೊಳ್ಳಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಅಂಗಳದಲ್ಲಿ ಅರ್ಧ ಗಂಟೆ ಕೂತು ಬಂದೆವು. ಇವತ್ತಿನ ಕಾಲದಲ್ಲಿ ಟೋಪಿ ಹಾಕಿದವ ಮಂದಿರದ ಮೆಟ್ಟಿಲ ಹತ್ತಿರ, ನಾಮ ಹಾಕಿದವ ಮಸೀದಿಯ ಬಾಗಿಲ ಹತ್ತಿರ ನಿಂತು ಎರಡು ಸಲ ಯೋಚನೆ ಮಾಡುತ್ತಾನೆ ನೋಡಿ, ಅದಕ್ಕಾಗಿ ಇಷ್ಟು ವಿವರ ಬರೆದೆವು.

ಎರಡನೆಯ ಜಾಗ ಜಲಸಂಗ್ವಿ. ಹುಮನಾಬಾದಿನಿಂದ ಹತ್ತು ಕಿಲೋಮೀಟರಿನ ಆಸುಪಾಸು, ಹಳ್ಳಿಯೊಳಗೆ ಚಾಲುಕ್ಯರ ಕಾಲದ ಕಲ್ಮೇಶ್ವರ ಗುಡಿ. ಹೊರಗೋಡೆಯಲ್ಲಿ ಒಬ್ಬ ಕಲ್ಲಿನ ಹೆಂಗಸು ಬೆನ್ನು ಸ್ವಲ್ಪ ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ, ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ. ಬರೆಯುವ ಹೆಂಗಸು! ನಮ್ಮ ಜೊತೆ ಬಂದ ಹುಡುಗಿಯರು ಅಲ್ಲಿಂದ ಕದಲಲಿಲ್ಲ. ಇಪ್ಪತ್ತು ನಿಮಿಷ ಸಾಕೆಂದು ಲೆಕ್ಕ ಹಾಕಿದ್ದು ನಲವತ್ತಾಯಿತು.

ಆ ವಿಕ್ರಮಾದಿತ್ಯನ ರಾಜಧಾನಿಯೇ ಕಲ್ಯಾಣ, ಅಂದರೆ ಇವತ್ತಿನ ಬಸವಕಲ್ಯಾಣ. ಹುಮನಾಬಾದಿನಿಂದ ಸುಮಾರು ಮೂವತ್ತು ಕಿಲೋಮೀಟರ್. 1076ರಿಂದ ಐವತ್ತು ವರ್ಷ ಅವನು ಇಲ್ಲಿಂದ ಆಳಿದ. ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ' ಎಂಬ ಗ್ರಂಥವನ್ನು ಮುಂದೆ ಬ್ರಿಟಿಷರ ಕೋರ್ಟುಗಳೂ ಹಿಂದೂ ಕುಟುಂಬಗಳ ಆಸ್ತಿ ಪಾಲಿನ ಕೇಸುಗಳಲ್ಲಿ ತಿರುವಿ ನೋಡಿದವು. ಮುಂದಿನ ತಲೆಮಾರಿನಲ್ಲಿ ಬಿಜ್ಜಳನ ಕಾಲ, ಬಸವಣ್ಣನವರ ಕಾಲ, ಅನುಭವ ಮಂಟಪ. ಊರಿಗೆ ಈಗಿನ ಹೆಸರು ಬಂದದ್ದು 1956ರಲ್ಲಿ.

ಕೋಟೆಯಲ್ಲಿ ಒಂದೂವರೆ ಗಂಟೆ ಬೇಕು. ಚಾಲುಕ್ಯರ ನಂತರ ಬಹಮನಿಗಳು, ಬಿಜಾಪುರದ ಆದಿಲ್ ಶಾಹಿಗಳು, 1657ರಲ್ಲಿ ಶಹಝಾದೆಯಾಗಿದ್ದ ಔರಂಗಝೇಬ್, ಆಮೇಲೆ ನಿಝಾಮರ ಕೈಕೆಳಗಿನ ನವಾಬರು, ಹೀಗೆ ಕೈ ಬದಲಾಗುತ್ತಾ ಬಂದ ಕೋಟೆ. ಬಿಸಿಲು ಜೋರು, ಮೆಟ್ಟಿಲು ಎತ್ತರ. ಮಂಡಿನೋವಿನವರು ಒಳಗಿನ ವಸ್ತುಸಂಗ್ರಹಾಲಯ ನೋಡಿ ನೆರಳಲ್ಲಿ ಕೂರಲಿ. ಊರಾಚೆಗಿನ 108 ಅಡಿಯ ಬಸವಣ್ಣನವರ ಪ್ರತಿಮೆ ದೂರದಿಂದಲೇ ಕಾಣುತ್ತದೆ. 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಹೊಸ ಅನುಭವ ಮಂಟಪದ ಜಾಗವೂ ಇದೇ ಊರಲ್ಲಿ. ಮತ್ತೆ ನಮ್ಮವರು ಕೇಳಿಯೇ ಕೇಳುವ ದರ್ಗಾ: ಸಯ್ಯದ್ ತಾಜುದ್ದೀನ್ ರಾಜಾ ಬಾಗ್ ಸವಾರ್ ಅವರದ್ದು. ಬಾಗ್ ಸವಾರ್ ಎಂದರೆ ಹುಲಿ ಏರಿ ಬಂದವರು. ಒಂದೇ ಊರಲ್ಲಿ ಶರಣರೂ ಸೂಫಿಗಳೂ.

ಗೈಡಿನ ನಾಲಗೆಗೆ ಬೆಲೆ ಬರುವುದು ಇಂಥ ಊರಲ್ಲೇ. ಇಲ್ಲಿನ ಪೀರ್ ಪಾಷಾ ಬಂಗಲೆಯೇ ಬಸವಣ್ಣನವರ ಕಾಲದ ಮೂಲ ಅನುಭವ ಮಂಟಪ ಎಂಬ ವಾದ 2022ರಲ್ಲಿ ದೊಡ್ಡದಾಗಿ ಎದ್ದಿತ್ತು, ಕೆಲವು ಮಠಾಧೀಶರು ಮುಂದೆ ನಿಂತಿದ್ದರು, ಊರಲ್ಲಿ ಬಿಸಿ ಏರಿತ್ತು. ಅಂಥ ವಿಷಯವನ್ನು ಬಸ್ಸಿನ ಮೈಕಿನಲ್ಲಿ ತೀರ್ಮಾನಿಸುವುದು ಗೈಡಿನ ಕೆಲಸ ಅಲ್ಲ. ಹಾಗಂತ ಬಾಯಿ ಮುಚ್ಚಿ ಕೂರುವುದೂ ಸರಿಯಲ್ಲ. ಹೀಗೊಂದು ವಾದ ಉಂಟು, ಇವರು ಹೀಗೆ ಹೇಳುತ್ತಾರೆ, ಅವರು ಹಾಗೆ ಹೇಳುತ್ತಾರೆ, ದಾಖಲೆ ನೋಡುವವರು ನೋಡಲಿ, ಇಷ್ಟು ಹೇಳಿದರೆ ಬಸ್ಸಿನಲ್ಲಿ ಕೂತವನಿಗೆ ಸಾಕು. ಇಲ್ಲದಿದ್ದರೆ ಅವ ಊರಿಗೆ ಬಂದು ವಾಟ್ಸಾಪಿನಲ್ಲಿ ಕೇಳಿದ್ದನ್ನೇ ಕಣ್ಣಾರೆ ಕಂಡ ಹಾಗೆ ಹೇಳಿಕೊಂಡು ತಿರುಗುತ್ತಾನೆ.

ನಮ್ಮ ದೂರು ಇರುವುದು ಈ ಗೈಡಿನ ಬಗ್ಗೆಯೇ. ಝಿಯಾರತ್ ಬಸ್ಸಿನಲ್ಲಿ ಅಡುಗೆಯವನಿಗೆ ಸೀಟುಂಟು, ಸ್ಪೀಕರಿನವನಿಗೆ ಸೀಟುಂಟು, ಚರಿತ್ರೆ ಹೇಳುವವನಿಗೆ ಇಲ್ಲ. ಹಡಗಿನ ಸೀಸನ್ನಿನಲ್ಲಿ ವಿದೇಶಿಯರನ್ನು ಸುತ್ತಿಸಿ ಪಳಗಿದ ಹುಡುಗರು ನಮ್ಮಲ್ಲಿದ್ದಾರೆ. ಹಡಗು ಬರುವುದು ವರ್ಷದಲ್ಲಿ ಆರೇಳು ತಿಂಗಳು, ಅದೂ ದಿನಾ ಅಲ್ಲ. ಉಳಿದ ದಿನಗಳಲ್ಲಿ ಅದೇ ಹುಡುಗರು ಕಲಬುರಗಿ, ಹುಮನಾಬಾದ್ ಕಡೆ ಒಂದು ಬಸ್ಸಿನ ಜೊತೆ ಹೋಗಬಹುದಲ್ಲ? ಕನ್ನಡ ಗೊತ್ತು, ಉರ್ದು ಅರ್ಧ ಗೊತ್ತು, ಬ್ಯಾರಿ ಮನೆಮಾತು. ಮೊದಲು ಎರಡು ಸಲ ಸ್ವಂತವಾಗಿ ಹೋಗಿ ನೋಡಿ, ಸ್ಥಳೀಯರ ಹತ್ತಿರ ಕೂತು ಕೇಳಿ, ನಾಲ್ಕು ಪುಸ್ತಕ ಓದಬೇಕಾಗುತ್ತದೆ. ಅದಕ್ಕೆ ಕೂಲಿಯನ್ನೂ ಸರಿಯಾಗಿ ಕೊಡಬೇಕು. 'ಸವಾಬಿಗಾಗಿ ಬಾ' ಎಂದು ಕರೆದರೆ ಯಾರೂ ಎರಡನೆಯ ಸಲ ಬರುವುದಿಲ್ಲ ಮಾರಾಯ್ರೆ.

ಝೀನತ್ ಬಕ್ಷ್ ಮಸೀದಿಯ ಮಾತು ಬಾಕಿ ಉಂಟಲ್ಲ. ಮಾಲಿಕ್ ದೀನಾರರ ತಂಡದವರು ಕಟ್ಟಿದ್ದೆಂದು ನಮ್ಮ ಹಿರಿಯರ ಹೇಳಿಕೆ. ಟಿಪ್ಪು ಸುಲ್ತಾನ್ ದುರಸ್ತಿ ಮಾಡಿಸಿದಾಗ ಈ ಹೆಸರು ಬಂತು. ಹಡಗಿನ ಟೂರಿನ ಪಟ್ಟಿ ಮಾಡುವವರಿಗೆ ಬೇಕಾದದ್ದು ಇಷ್ಟೇ: ಯಾವ ಹೊತ್ತಿಗೆ ಒಳಗೆ ಬಿಡುತ್ತೀರಿ, ಹೆಂಗಸರು ಎಲ್ಲಿಯವರೆಗೆ ಬರಬಹುದು, ಜಮಾಅತಿನ ಸಮಯ ಯಾವುದು, ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳುವವರು ಯಾರು. ಈ ನಾಲ್ಕಕ್ಕೆ ಉತ್ತರ ಬರೆದು ಕೊಡುವ ಕೆಲಸ ನಮ್ಮದು, ಅವರದಲ್ಲ. ಮಾಣಿಕನಗರದ ಬಾಗಿಲಲ್ಲಿ ಕೂತಿದ್ದ ಹಿರಿಯರಂಥವರು ಒಬ್ಬರು ನಮ್ಮ ಬಾಗಿಲಲ್ಲೂ ಇದ್ದರೆ ಇನ್ನೂ ಒಳ್ಳೆಯದು.

ಹೋಗುವವರಿಗೆ ಎರಡು ಮಾತು. ಆ ಕಡೆಯ ಮಸೀದಿಗಳು ಹೆಚ್ಚಾಗಿ ಹನಫಿಗಳದ್ದು. ಅಸರ್ ಬಾಂಗ್ ನಮ್ಮಲ್ಲಿಗಿಂತ ತಡ, ಗಡಿಯಾರ ನೋಡಿ ಗಾಬರಿಯಾಗಬೇಡಿ. ಮುಸಾಫಿರರಿಗೆ ಜಂಅ್, ಖಸ್ರ್ ಉಂಟಲ್ಲ, ಹೊರಡುವ ಮೊದಲೇ ಉಸ್ತಾದರನ್ನು ಕೇಳಿಕೊಂಡರೆ ಹಗಲಿನ ಲೆಕ್ಕ ಸುಲಭ. ಶುಕ್ರವಾರ ಬೇಡ, ಜುಮಾದಿಂದಾಗಿ ಅರ್ಧ ದಿನ ಒಂದೇ ಊರಲ್ಲಿ ಕಳೆಯುತ್ತದೆ. ಮಧ್ಯಾಹ್ನದ ಊಟ ಹುಮನಾಬಾದಿನಲ್ಲೇ ಮುಗಿಸಿ: ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಕುಚ್ಚಲಕ್ಕಿ ಅನ್ನ ಹುಡುಕಿಕೊಂಡು ಅಲೆಯಬೇಡಿ, ಸಿಗಲಿಕ್ಕಿಲ್ಲ. ಐದಕ್ಕೆ ಬಸವಕಲ್ಯಾಣ ಬಿಟ್ಟರೆ ಕಲಬುರಗಿಗೆ ಇಶಾದ ಹೊತ್ತಿಗೆ ಮುಟ್ಟಬಹುದು. ದಾರಿಯಲ್ಲಿ ಕಮಲಾಪುರದಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲಿಸಿ. ಅಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆ ಉಂಟು. ಕಾಯಿ ನೋಡಿ ತೆಗೆದುಕೊಂಡರೆ ಊರಿಗೆ ಬರುವಷ್ಟರಲ್ಲಿ ಹಣ್ಣಾಗಿರುತ್ತದೆ.